ಹತ್ತಿದ ಗೇರಿನಲ್ಲೇ ಇಳಿಯಬೇಕು, ಏಕೆ?

ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಎದುರಿಗೇ ಆಗುಂಬೆ ಘಟ್ಟ. ಹದಿನಾಲ್ಕು ಹೇರ್‌ಪಿನ್ ತಿರುವುಗಳು. ರಜೆಯ ದಿನಗಳಲ್ಲಿ ಈ ತಿರುವುಗಳಲ್ಲಿ ಒಂದು ದೃಶ್ಯ ಕಾಣದೇ ಇರದು. ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಡಿಕ್ಕಿಯ ತುಂಬ ಸಾಮಾನು. ಸಣ್ಣ ಕಾರು ಮೂರನೇ ಗೇರಿನಲ್ಲಿ ತಿರುವಿಗೆ ಬಂದು, ಅರ್ಧ ಸುತ್ತಿ, ಗಡಗಡ ನಡುಗಿ ನಿಂತೇಬಿಡುತ್ತದೆ. ಹಿಂದಿನಿಂದ ಬಸ್ಸಿನ ಹಾರ್ನು. ಮುಂದೆ ಕ್ಲಚ್ ಸುಟ್ಟ ವಾಸನೆ. ಪೆಟ್ರೋಲು ಕಲಬೆರಕೆ ಎಂದು ಒಬ್ಬರ ತೀರ್ಮಾನ. ಎಂಜಿನ್ ಸವೆದಿದೆ ಎಂದು ಇನ್ನೊಬ್ಬರದು. ಬಹುತೇಕ ಸಲ ಎರಡೂ ನಿಜವಲ್ಲ. ಕಾರಿಗೆ ಏನೂ ಆಗಿರುವುದಿಲ್ಲ. ಅದರಿಂದ ಆಗದ ಕೆಲಸವನ್ನು ಆಗದ ಗೇರಿನಲ್ಲಿ ಕೇಳಲಾಗಿರುತ್ತದೆ, ಅಷ್ಟೆ.

ಹತ್ತುವಾಗ ಆಗುವ ಈ ಫಜೀತಿ ಐದು ನಿಮಿಷದ ನಗೆಪಾಟಲು. ಅದೇ ಘಟ್ಟವನ್ನು ಇಳಿಯುವಾಗ ಗೇರಿನ ವಿಷಯದಲ್ಲಿ ಎಡವಿದರೆ ನಗುವುದಕ್ಕೆ ಯಾರೂ ಉಳಿಯದೇ ಇರಬಹುದು. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಳೆಯ ಲಾರಿ ಚಾಲಕರು ಕ್ಲೀನರ್ ಹುಡುಗರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳೀಬೇಕು ಕಣೋ" ಎಂಬುದು. ಹುಡುಗ ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಏಕೆ ಎಂದು ಕೇಳಿದರೆ ಗುರುವಿಗೂ ವಿವರಿಸುವುದು ಕಷ್ಟ. ವಿವರಣೆಗೆ ಬೇಕಾದದ್ದು ಶಾಲೆಯಲ್ಲಿ ಕಲಿತ ಅನುಪಾತದ ಲೆಕ್ಕ ಮಾತ್ರ.

ಸೈಕಲ್ಲಿನ ಹಲ್ಲು ಎಣಿಸಿ

ಕಾರಿನ ಗೇರ್‌ಬಾಕ್ಸ್ ಕಬ್ಬಿಣದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ; ನೋಡಲು ಸಿಗದು. ಸೈಕಲ್ಲಿನದು ಬಯಲಲ್ಲೇ ಇದೆ. ಮನೆಯಲ್ಲಿ ಹಳೆಯ ಕಾಲದ ಕಪ್ಪು ಸೈಕಲ್ ಇದ್ದರೆ ಪೆಡಲಿನ ಬಳಿಯ ಹಲ್ಲುಚಕ್ರದ ಹಲ್ಲುಗಳನ್ನೂ ಹಿಂದಿನ ಗಾಲಿಯ ಸಣ್ಣ ಚಕ್ರದ ಹಲ್ಲುಗಳನ್ನೂ ಎಣಿಸಿ ನೋಡಿ. ಮುಂದೆ 44, ಹಿಂದೆ 18 ಇವೆ ಎಂದಿಟ್ಟುಕೊಳ್ಳಿ. 44ನ್ನು 18ರಿಂದ ಭಾಗಿಸಿದರೆ 2.44. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ.

28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಹಾಗಾಗಿ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ನಿಮ್ಮ ಪಾದ ಸುತ್ತಿದ ದೂರ? ಪೆಡಲಿನ ತೋಳು ಸುಮಾರು 17 ಸೆಂಟಿಮೀಟರ್ ಉದ್ದ. ಅದರ ವೃತ್ತ ಒಂದು ಮೀಟರಿಗಿಂತ ಚೂರು ಹೆಚ್ಚು. ಪಾದ ಒಂದು ಮೀಟರ್ ಚಲಿಸಿದರೆ ಸೈಕಲ್ಲು ಐದು ಮೀಟರ್ ಚಲಿಸಿತು. ಲಾಭವೋ ಲಾಭ ಎನ್ನಿಸುತ್ತದೆ. ಆದರೆ ಪ್ರಕೃತಿಯ ಅಂಗಡಿಯಲ್ಲಿ ಉದ್ರಿ ವ್ಯಾಪಾರವಿಲ್ಲ. ದೂರ ಐದು ಪಟ್ಟಾದರೆ ಬಲ ಐದನೇ ಒಂದು ಭಾಗಕ್ಕಿಳಿಯಬೇಕು. ಪೆಡಲಿನ ಮೇಲೆ 30 ಕಿಲೋ ಒತ್ತಿದರೆ ಗಾಲಿಯು ನೆಲವನ್ನು ಹಿಂದಕ್ಕೆ ತಳ್ಳುವುದು ಕೇವಲ ಆರು ಕಿಲೋ ಬಲದಿಂದ. ಸಪಾಟು ರಸ್ತೆಗೆ ಅದು ಧಾರಾಳ ಸಾಕು. ಏರು ಬಂದಾಗ ಸಾಲದು, ಇಳಿದು ನೂಕಬೇಕು.

ಗೇರಿನ ಸೈಕಲ್ ಕೊಂಡ ಹುಡುಗ ಇಳಿಯದೇ ಹತ್ತುತ್ತಾನೆ. ಅವನ ಕಾಲಿನಲ್ಲಿ ಹೆಚ್ಚು ಕಸುವಿದೆಯೆಂದಲ್ಲ. ಅವನು ಹಿಂದಿನ ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ದಾಟಿಸುತ್ತಾನೆ. ಆಗ ಪೆಡಲಿನ ಒಂದು ಸುತ್ತಿಗೆ ಸೈಕಲ್ ಕಡಿಮೆ ದೂರ ಹೋಗುತ್ತದೆ, ಬದಲಿಗೆ ಹೆಚ್ಚು ಬಲ ಸಿಗುತ್ತದೆ. ಕಾಲು ಚಕಚಕನೆ ತಿರುಗುತ್ತದೆ, ಸೈಕಲ್ಲು ಮೆಲ್ಲಗೆ ಏರುತ್ತದೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಇದ್ದ ಶಕ್ತಿಯಲ್ಲಿ ವೇಗಕ್ಕೆಷ್ಟು, ಬಲಕ್ಕೆಷ್ಟು ಎಂದು ಪಾಲು ಮಾಡುತ್ತದೆ. ಕಾರಿನ ಗೇರ್‌ಬಾಕ್ಸಿನೊಳಗೂ ನಡೆಯುವುದು ಇದೇ ಪಾಲುಪಟ್ಟಿ.

ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲೇ ಹೇಳಿಬಿಡಬೇಕು. ಎತ್ತು ನಿಂತಲ್ಲಿಂದಲೇ ಹೆಗಲು ಕೊಟ್ಟು ಎಳೆಯುತ್ತದೆ. ಮನುಷ್ಯನ ಕಾಲೂ ಹಾಗೆಯೇ. ಪೆಟ್ರೋಲ್ ಎಂಜಿನ್ ಹಾಗಲ್ಲ. ನಿಂತ ಎಂಜಿನ್ನಿಗೆ ಎಳೆಯುವ ಶಕ್ತಿ ಸೊನ್ನೆ. ನಿಮಿಷಕ್ಕೆ ಏಳೆಂಟು ನೂರು ಸುತ್ತಿಗಿಂತ ಕೆಳಗೆ ಅದು ಸತ್ತೇ ಹೋಗುತ್ತದೆ. ಸಾವಿರದ ಆಸುಪಾಸಿನಲ್ಲಿ ಬದುಕಿರುತ್ತದೆ, ಆದರೆ ಗೊಣಗುತ್ತಾ. ಎರಡು ಸಾವಿರ ದಾಟಿದ ಮೇಲೆ ಅದಕ್ಕೆ ಹುರುಪು ಬರುವುದು. ಆರು ಸಾವಿರದ ಹೊತ್ತಿಗೆ ಮತ್ತೆ ಏದುಸಿರು. ಕಾರೋ, ಸೊನ್ನೆಯಿಂದ ನೂರು ಕಿಲೋಮೀಟರ್‌ವರೆಗೆ ಎಲ್ಲ ವೇಗಗಳಲ್ಲೂ ಓಡಬೇಕು. ಎಂಜಿನ್ನಿನ ಆ ಕಿರಿದಾದ ಹುರುಪಿನ ಪಟ್ಟಿಯನ್ನು ರಸ್ತೆಯ ಈ ಅಗಲವಾದ ಅಗತ್ಯಕ್ಕೆ ಹೊಂದಿಸಲು ಒಂದು ಅನುಪಾತ ಸಾಲದು. ನಾಲ್ಕೋ ಐದೋ ಬೇಕು.

ಮಾರುತಿಯ ಲೆಕ್ಕ

ಲೆಕ್ಕಕ್ಕೆ ಎಲ್ಲರಿಗೂ ಗೊತ್ತಿರುವ ಕಾರನ್ನೇ ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ಗುರಗಾಂವ್ ಕಾರ್ಖಾನೆಯಿಂದ ಹೊರಬಂದು 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲಿಸಿದ ಮಾರುತಿ 800. ಈಗ ಕಾಲೇಜಿನಲ್ಲಿರುವವರ ಅಪ್ಪಂದಿರಲ್ಲಿ ಅನೇಕರು ಕಾರು ಕಲಿತದ್ದೇ ಇದರಲ್ಲಿ. ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್. ಕಾರಿನ ತೂಕ ಸುಮಾರು 650 ಕಿಲೋ. ಹಳೆಯ ಮಾದರಿಗೆ ನಾಲ್ಕೇ ಗೇರು.

ಆ ಗೇರುಗಳ ಅನುಪಾತ ಸುಮಾರು ಹೀಗೆ: ಮೊದಲನೆಯದು 3.58, ಎರಡನೆಯದು 2.17, ಮೂರನೆಯದು 1.33, ನಾಲ್ಕನೆಯದು 0.90. ಇಷ್ಟಕ್ಕೇ ಮುಗಿಯಲಿಲ್ಲ. ಗೇರ್‌ಬಾಕ್ಸಿನಿಂದ ಹೊರಟ ಸುತ್ತು ಗಾಲಿಯನ್ನು ಮುಟ್ಟುವ ಮೊದಲು ಡಿಫರೆನ್ಷಿಯಲ್ಲಿನ ಹಲ್ಲುಚಕ್ರದಲ್ಲಿ ಇನ್ನೊಮ್ಮೆ 4.35 ಪಟ್ಟು ನಿಧಾನವಾಗುತ್ತದೆ. ಎರಡನ್ನೂ ಗುಣಿಸಬೇಕು. ಮೊದಲ ಗೇರಿನಲ್ಲಿ ಎಂಜಿನ್ 15.6 ಸುತ್ತು ಸುತ್ತಿದರೆ ಗಾಲಿಗೆ ಒಂದು ಸುತ್ತು. ಎರಡರಲ್ಲಿ 9.4, ಮೂರರಲ್ಲಿ 5.8, ನಾಲ್ಕರಲ್ಲಿ 3.9.

ಈ ಕಾರಿನ ಸಣ್ಣ ಗಾಲಿಯ ಸುತ್ತಳತೆ ಸುಮಾರು 1.6 ಮೀಟರ್. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎಂದುಕೊಂಡರೆ ಮೊದಲ ಗೇರಿನಲ್ಲಿ ಕಾರಿನ ವೇಗ ಗಂಟೆಗೆ 18 ಕಿ.ಮೀ. ಎರಡನೆಯದರಲ್ಲಿ 30, ಮೂರನೆಯದರಲ್ಲಿ 50, ನಾಲ್ಕನೆಯದರಲ್ಲಿ 74. ಎಂಜಿನ್ನಿಗೆ ನಾಲ್ಕೂ ಒಂದೇ. ಅದು ತನ್ನ ಪಾಡಿಗೆ ಮೂರು ಸಾವಿರ ಸುತ್ತುತ್ತಲೇ ಇದೆ. ಬದಲಾದದ್ದು ನಡುವಿನ ಪಾಲುಪಟ್ಟಿ.

ಇನ್ನು ಬಲ. ಈ ಎಂಜಿನ್ನಿನ ಗರಿಷ್ಠ ತಿರುಚುಬಲ, ಅಂದರೆ ಟಾರ್ಕ್, ಸುಮಾರು 59 ನ್ಯೂಟನ್-ಮೀಟರ್. ಅದು ಸಿಗುವುದು ನಿಮಿಷಕ್ಕೆ 2,500 ಸುತ್ತಿನ ಹತ್ತಿರ. ಇದನ್ನು ಗೇರಿನ ಅನುಪಾತದಿಂದ ಗುಣಿಸಿ ಗಾಲಿಯ ತ್ರಿಜ್ಯದಿಂದ, ಅಂದರೆ ಕಾಲು ಮೀಟರಿನಿಂದ, ಭಾಗಿಸಿದರೆ ಗಾಲಿ ನೆಲವನ್ನು ತಳ್ಳುವ ಬಲ ಸಿಗುತ್ತದೆ. ಮೊದಲ ಗೇರಿನಲ್ಲಿ ಅದು 375 ಕಿಲೋ, ಎರಡರಲ್ಲಿ 226, ಮೂರರಲ್ಲಿ 140, ನಾಲ್ಕರಲ್ಲಿ 94. ಹಲ್ಲುಗಳ ಉಜ್ಜಾಟದಲ್ಲಿ ನೂರಕ್ಕೆ ಹತ್ತರಷ್ಟು ಪೋಲಾಗುತ್ತದೆಂದು ಕಳೆದುಬಿಡಿ. ಉಳಿಯುವುದು ಕ್ರಮವಾಗಿ ಸುಮಾರು 340, 200, 125, 85 ಕಿಲೋ.

ಈಗ ಘಟ್ಟಕ್ಕೆ ಬನ್ನಿ. ಕಾರು, ನಾಲ್ಕು ಜನ, ಸಾಮಾನು ಎಲ್ಲ ಸೇರಿ 900 ಕಿಲೋ. ನೂರು ಮೀಟರ್ ಹೋದರೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಭೂಮಿಯು ಈ ಕಾರನ್ನು ಹಿಂದಕ್ಕೆ ಎಳೆಯುವ ಬಲ ಅದರ ತೂಕದ ಹತ್ತನೇ ಒಂದು ಭಾಗ, ಅಂದರೆ 90 ಕಿಲೋ. ಟೈರು ಉರುಳುವಾಗಿನ ಪ್ರತಿರೋಧ ಮತ್ತೊಂದು ಹದಿನೈದು ಕಿಲೋ. ಒಟ್ಟು 105. ನಾಲ್ಕನೇ ಗೇರು ಕೊಡುವುದು 85. ಆಕ್ಸಿಲರೇಟರನ್ನು ನೆಲಕ್ಕೇ ಒತ್ತಿ ಹಿಡಿದರೂ ಕಾರು ನಿಧಾನವಾಗುತ್ತಲೇ ಹೋಗುತ್ತದೆ. ಇದು ಚಾಲಕನ ಧೈರ್ಯದ ಪ್ರಶ್ನೆಯಲ್ಲ, ವ್ಯವಕಲನ. ಮೂರನೇ ಗೇರಿನ 125 ಸಾಕಾಗುತ್ತದೆ, ಆದರೆ ಕೈಯಲ್ಲಿ ಉಳಿಯುವುದು 20 ಕಿಲೋ ಮಾತ್ರ.

ಹೇರ್‌ಪಿನ್ ತಿರುವಿನ ಒಳಬದಿ ರಸ್ತೆ ಇನ್ನೂ ಕಡಿದಾಗಿರುತ್ತದೆ. ಅಲ್ಲಿ ಆರಕ್ಕೆ ಒಂದರ ಏರು ಎಂದಿಟ್ಟುಕೊಂಡರೆ ಬೇಕಾದ ಬಲ 165 ಕಿಲೋ. ಮೂರನೇ ಗೇರೂ ಅಲ್ಲಿ ಸೋಲುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಿರುವಿನಲ್ಲಿ ವೇಗ 15 ಕಿಲೋಮೀಟರಿಗೆ ಇಳಿದಿರುತ್ತದೆ. ಮೂರನೇ ಗೇರಿನಲ್ಲಿ 15 ಕಿ.ಮೀ. ಎಂದರೆ ಎಂಜಿನ್ ನಿಮಿಷಕ್ಕೆ 900 ಸುತ್ತು. ಗರಿಷ್ಠ ಬಲ ಸಿಗುವುದು 2,500ರಲ್ಲಿ ಎಂದೆವಲ್ಲ. 900ರಲ್ಲಿ ಅದರ ಹತ್ತಿರವೂ ಇಲ್ಲ. ಮೊದಲೇ ಸಾಲದ ಬಲ ಮತ್ತಷ್ಟು ಕುಸಿಯುತ್ತದೆ, ವೇಗ ಇನ್ನಷ್ಟು ಇಳಿಯುತ್ತದೆ, ಸುತ್ತು ಇನ್ನೂ ಕಡಿಮೆಯಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಆ ನಡುಗುವಿಕೆಯೇ ಅದರ ಗುರುತು. ತಿರುವಿಗೆ ಮೊದಲೇ ಎರಡನೇ ಗೇರಿಗೆ ಬಂದಿದ್ದರೆ ಎಂಜಿನ್ ಸುಮಾರು 1,500ರಲ್ಲಿ ಇರುತ್ತಿತ್ತು, ಮೊದಲನೆಯದಕ್ಕೆ ಬಂದಿದ್ದರೆ 2,400ರಲ್ಲಿ. ತುಂಬಿದ ಸಣ್ಣ ಕಾರಿಗೆ ಕಡಿದಾದ ತಿರುವಿನಲ್ಲಿ ಮೊದಲ ಗೇರು ಅವಮಾನವೇನಲ್ಲ. ಎ.ಸಿ. ಹಾಕಿದ್ದರೆ ಅದನ್ನು ಹತ್ತು ನಿಮಿಷ ಆರಿಸುವುದೂ ಒಳ್ಳೆಯದು. ಅದರ ಕಂಪ್ರೆಸರ್ ಇದೇ ಎಂಜಿನ್ನಿನ ಅನ್ನ ತಿನ್ನುತ್ತಿರುತ್ತದೆ.

ಇದೇ ಲೆಕ್ಕ ಹೆದ್ದಾರಿಯಲ್ಲೂ ಇದೆ. ಮುಂದಿನ ಲಾರಿಯನ್ನು 50ರ ವೇಗದಲ್ಲಿ ಹಿಂಬಾಲಿಸುತ್ತಿರುವವನು ನಾಲ್ಕನೇ ಗೇರಿನಲ್ಲೇ ಹಿಂದೆ ಹಾಕಲು ಹೊರಟರೆ ಅವನ ಕೈಯಲ್ಲಿರುವುದು 85 ಕಿಲೋ ಬಲ. ಮೂರಕ್ಕೆ ಇಳಿಸಿಕೊಂಡು ಹೊರಟರೆ 125. ಎದುರಿನ ವಾಹನದ ದೀಪ ಹತ್ತಿರವಾಗುತ್ತಿರುವಾಗ ಈ ವ್ಯತ್ಯಾಸಕ್ಕೆ ಬೆಲೆ ಕಟ್ಟಲಾಗದು. ಗೇರು ಇಳಿಸುವುದೆಂದರೆ ನಿಧಾನ ಮಾಡುವುದು ಎಂದು ತಿಳಿದವರು ಬಹಳ. ಮುನ್ನುಗ್ಗುವುದಕ್ಕೂ ಅದೇ ದಾರಿ.

ಹಾಗಿದ್ದರೆ ಐದನೇ ಗೇರು ಏಕೆ? ಅದು ವೇಗಕ್ಕಿಂತ ವಿಶ್ರಾಂತಿಗೆ. ಸಪಾಟು ರಸ್ತೆಯಲ್ಲಿ ಓಡುವ ಕಾರಿಗೆ ಹೆಚ್ಚು ಬಲ ಬೇಕಿಲ್ಲ. ಅಲ್ಲಿ ಎಂಜಿನ್ನಿನ ಸುತ್ತು ತಗ್ಗಿಸಿದರೆ ಸದ್ದು ಕಡಿಮೆ, ಸವೆತ ಕಡಿಮೆ, ಪೆಟ್ರೋಲೂ ಕಡಿಮೆ. ಎಷ್ಟೋ ಕಾರುಗಳು ಐದರಲ್ಲಿ ಸಣ್ಣ ಸೇತುವೆಯ ಏರನ್ನೂ ಮನಸ್ಸಿಲ್ಲದೆ ಹತ್ತುವುದು ಇದಕ್ಕೇ.

ಬೈಕಿನ ಮೋಹದಲ್ಲಿರುವ ಹುಡುಗರಿಗೆ ಇಲ್ಲೊಂದು ಕಿವಿಮಾತು. ಎಂಜಿನ್ ಕಡೆಯ ಸ್ಪ್ರಾಕೆಟ್ಟಿನಲ್ಲಿ 14 ಹಲ್ಲಿನ ಬದಲು 15 ಹಲ್ಲಿನದು ಹಾಕಿಸಿದರೆ ಬೈಕು ಜಾಸ್ತಿ ಓಡುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಹದಿನೈದನ್ನು ಹದಿನಾಲ್ಕರಿಂದ ಭಾಗಿಸಿ: ಅದೇ ಸುತ್ತಿಗೆ ನೂರಕ್ಕೆ ಏಳರಷ್ಟು ಹೆಚ್ಚು ವೇಗ, ಏಳರಷ್ಟು ಕಡಿಮೆ ಎಳೆತ. ಹಿಂದೆ ಸ್ನೇಹಿತ ಕೂತು ಏರು ಬಂದಾಗ ಆ ಏಳು ನೆನಪಾಗುತ್ತದೆ. ಕಾರಿಗೆ ದೊಡ್ಡ ಟೈರು ಹಾಕಿಸುವುದೂ ಹೀಗೆಯೇ. ಗೇರ್‌ಬಾಕ್ಸ್ ಮುಟ್ಟದೇ ಎಲ್ಲ ಗೇರುಗಳ ಅನುಪಾತವನ್ನೂ ಬದಲಾಯಿಸಿದಂತೆ. ಜೊತೆಗೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ.

ಗಂಡನಿಗೆ ಹೇಳದೆ ಹೊರಟ ಬರ್ತಾ

ಏರಿಗೊಂದು ಗೇರು ಬೇಕೆಂದು ಮೊದಲು ಹೇಳಿದವರಲ್ಲಿ ಒಬ್ಬ ಗೃಹಿಣಿ ಇದ್ದಳು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ 1886ರಲ್ಲಿ ಪೇಟೆಂಟ್ ಪಡೆದ. ಗಾಡಿ ಚೆನ್ನಾಗಿತ್ತು, ಕೊಳ್ಳುವವರಿರಲಿಲ್ಲ. 1888ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಇಂಧನ ಮುಗಿದಾಗ ವೀಸ್‌ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನೇ ಕೊಂಡು ತುಂಬಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು.

ಈ ಕತೆಯನ್ನು ಹೇಳುವವರೆಲ್ಲ ಟೋಪಿಯ ಪಿನ್ನಿಗೇ ನಿಂತುಬಿಡುತ್ತಾರೆ. ಗೇರಿನ ದೃಷ್ಟಿಯಿಂದ ಮುಖ್ಯವಾದದ್ದು ಗುಡ್ಡಗಳು. ಕೆಲವೇ ಅಶ್ವಶಕ್ತಿಯ ಆ ಗಾಡಿ ಸಪಾಟಿನಲ್ಲಿ ಓಡಿತು, ಏರಿನಲ್ಲಿ ಸೋತಿತು. ತಾಯಿ ಮಕ್ಕಳು ಇಳಿದು ನೂಕಬೇಕಾಯಿತು. ಇಳಿಜಾರಿನಲ್ಲಿ ಮರದ ಬ್ರೇಕ್ ಗಟ್ಟಿಗಳು ಸವೆದುಹೋದವು. ದಾರಿಯಲ್ಲಿ ಒಬ್ಬ ಚಮ್ಮಾರನಿಂದ ಅವಕ್ಕೆ ಚರ್ಮ ಹೊಡೆಸಿಕೊಂಡು ಮುಂದೆ ಹೋದಳು. ಮನೆಗೆ ಬಂದು ಗಂಡನಿಗೆ ಕೊಟ್ಟ ವರದಿಯಲ್ಲಿ ಎರಡೂ ಇದ್ದವು: ಗುಡ್ಡ ಹತ್ತಲು ಇನ್ನೊಂದು ಗೇರು ಬೇಕು, ಬ್ರೇಕು ಸುಧಾರಿಸಬೇಕು. ಬೆಂಜ್ ಗೇರು ಸೇರಿಸಿದ. ಹತ್ತುವುದು, ಇಳಿಯುವುದು ಎರಡರ ಕಷ್ಟವೂ ಮೊದಲ ಪ್ರಯಾಣದಲ್ಲೇ ಬಯಲಾಗಿತ್ತು.

ಗೇರು ಬಂದ ಮೇಲೆ ಅದನ್ನು ಬದಲಾಯಿಸುವ ಕಷ್ಟ ಬಂತು. ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಸೇರಿಸುವುದು ಓಡುವ ಬಸ್ಸಿಗೆ ಹತ್ತಿದ ಹಾಗೆ. ನಾವೂ ಜೊತೆಗೆ ನಾಲ್ಕು ಹೆಜ್ಜೆ ಓಡಬೇಕು. ಹಳೆಯ ಲಾರಿಗಳಲ್ಲಿ ಒಂದು ಗೇರು ಬದಲಿಸಲು ಎರಡು ಸಲ ಕ್ಲಚ್ ಒತ್ತಿ, ನಡುವೆ ಆಕ್ಸಿಲರೇಟರನ್ನು ಒಮ್ಮೆ ತುಳಿಯುತ್ತಿದ್ದುದು ಆ ಓಟಕ್ಕಾಗಿ. ಹಲ್ಲುಗಳು ಸೇರುವ ಮೊದಲು ಅವುಗಳ ವೇಗವನ್ನು ತಾನಾಗಿ ಸರಿಹೊಂದಿಸುವ ಸಿಂಕ್ರೋಮೆಶ್ ವ್ಯವಸ್ಥೆಯನ್ನು ಅಮೆರಿಕದ ಕ್ಯಾಡಿಲಾಕ್ 1928ರಲ್ಲಿ ತನ್ನ ಕಾರುಗಳಿಗೆ ತಂದಿತು. ಇಂದಿನ ಮಕ್ಕಳು ಎರಡು ಬೆರಳಲ್ಲಿ ಗೇರು ಹಾಕುವುದು ಅದರ ಕೃಪೆ.

ಇಳಿಜಾರಿನ ಕೊಡ ನೀರು

ಈಗ ಇಳಿಯುವ ವಿಷಯ. ಇಡೀ ಲೆಕ್ಕದಲ್ಲಿ ತಂದೆ ತಾಯಿಯರು ಮಕ್ಕಳಿಗೆ ಹೇಳಿಕೊಡಲೇಬೇಕಾದ ಭಾಗ ಇದು. ಊರಿನ ಮೈದಾನದಲ್ಲಿ ಎಂಟರ ಆಕಾರ ಸುತ್ತಿಸಿ, ರಿವರ್ಸ್ ಕಲಿಸಿ, ಲೈಸೆನ್ಸ್ ಕೈಗೆ ಬಂದ ಹುಡುಗ ಹುಡುಗಿಯರಲ್ಲಿ ಘಟ್ಟ ಇಳಿಯುವುದನ್ನು ಯಾರಾದರೂ ಕಲಿಸಿದ್ದಾರೆಯೇ ಎಂದು ಕೇಳಿ ನೋಡಿ.

ನಮ್ಮ 900 ಕಿಲೋ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಎನ್ನಿ. ಹತ್ತುವಾಗ ಎಂಜಿನ್ ಖರ್ಚು ಮಾಡಿದ ಶಕ್ತಿಯಲ್ಲಿ ಅಷ್ಟು ಭಾಗ ಎತ್ತರದ ರೂಪದಲ್ಲಿ ಕಾರಿನಲ್ಲೇ ಜಮೆಯಾಗಿದೆ. ಇಳಿಯುವಾಗ ಅದನ್ನು ಎಲ್ಲಿಯಾದರೂ ಕಳೆಯಬೇಕು. ಇಲ್ಲದಿದ್ದರೆ ಅದು ವೇಗವಾಗುತ್ತದೆ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 44 ಲಕ್ಷ ಜೌಲ್. ಸಂಖ್ಯೆ ಅರ್ಥವಾಗದಿದ್ದರೆ ಹೀಗೆ ನೋಡಿ: 14 ಲೀಟರ್ ನೀರನ್ನು, ಅಂದರೆ ಒಂದು ಕೊಡ ತಣ್ಣೀರನ್ನು, ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. 16 ಟನ್ನಿನ ಲಾರಿಯಾದರೆ 250 ಲೀಟರ್; ಡೀಸೆಲ್ ತುಂಬುವ ದೊಡ್ಡ ಡ್ರಮ್ಮಿಗಿಂತಲೂ ಹೆಚ್ಚು. ಬ್ರೇಕನ್ನು ಒತ್ತಿಕೊಂಡೇ ಇಳಿಯುವವನು ಈ ಶಾಖವನ್ನೆಲ್ಲ ಬ್ರೇಕಿನ ಡಿಸ್ಕು, ಡ್ರಮ್ಮು, ಪ್ಯಾಡುಗಳೆಂಬ ಕೆಲವು ಕಿಲೋ ಲೋಹ ಮತ್ತು ಲೈನಿಂಗಿಗೆ ಸುರಿಯುತ್ತಾನೆ. ಗಾಳಿ ತಣಿಸುವುದಕ್ಕಿಂತ ಬೇಗ ಅವು ಕಾದರೆ ಲೈನಿಂಗಿನ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನ ಅಂಶ ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆಯೇಳುತ್ತದೆ. ಆಗ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. "ಬ್ರೇಕ್ ಫೇಲ್" ಎಂದು ಮರುದಿನ ಪತ್ರಿಕೆಯಲ್ಲಿ ಬರುವ ಸುದ್ದಿಗಳಲ್ಲಿ ಕೆಲವು ಫೇಲ್ ಆದವಲ್ಲ, ಕಾದವು.

ಇನ್ನೊಂದು ಬ್ರೇಕು ಇದೆ, ಅದು ಹಾಗೆ ಕಾಯುವುದಿಲ್ಲ. ಅದೇ ಎಂಜಿನ್. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಟ ತಿರುಗುಮುರುಗಾಗುತ್ತದೆ. ಈಗ ಗಾಲಿಯೇ ಎಂಜಿನ್ನನ್ನು ತಿರುಗಿಸಬೇಕು. ಗಾಳಿಯ ದಾರಿ ಮುಚ್ಚಿರುವ ಪೆಟ್ರೋಲ್ ಎಂಜಿನ್, ಬಾಯಿ ಮುಚ್ಚಿದ ಪಂಪಿನಂತೆ, ಹೆಣಗುತ್ತ ತಿರುಗುತ್ತದೆ. ಆ ಹೆಣಗಾಟವೇ ಕಾರನ್ನು ಹಿಡಿಯುವ ಬಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹೀಗೆ ಮುಚ್ಚದ ಕಾರಣ ಈ ಹಿಡಿತ ಕಡಿಮೆ. ಅದಕ್ಕಾಗಿಯೇ ದೊಡ್ಡ ಲಾರಿ ಬಸ್ಸುಗಳಲ್ಲಿ ಹೊಗೆ ಕೊಳವೆಯನ್ನು ಮುಚ್ಚಿ ತಡೆಯುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ.

ಇಲ್ಲೂ ಅನುಪಾತ ತನ್ನ ಕೆಲಸ ಮಾಡುತ್ತದೆ. ಎಂಜಿನ್ನಿನ ಎಳೆತ ಗಾಲಿಗೆ ಬರುವಾಗ ಎಷ್ಟು ಪಟ್ಟು ಗುಣಿತವಾಗುತ್ತಿತ್ತೋ ಅದರ ತಡೆತವೂ ಅಷ್ಟೇ ಪಟ್ಟು ಗುಣಿತವಾಗುತ್ತದೆ. ಮಾರುತಿಯ ನಾಲ್ಕನೇ ಗೇರಿನಲ್ಲಿ 3.9 ಪಟ್ಟು, ಎರಡನೆಯದರಲ್ಲಿ 9.4 ಪಟ್ಟು. ಮೇಲೆಳೆಯಲು ಎರಡನೇ ಗೇರು ಬೇಕಾದ ರಸ್ತೆಯಲ್ಲಿ ಹಿಡಿದಿಡಲೂ ಹೆಚ್ಚುಕಡಿಮೆ ಎರಡನೇ ಗೇರೇ ಬೇಕು. ಹಳೆಯ ಚಾಲಕರ ಮಾತಿನ ಹಿಂದಿನ ಗಣಿತ ಇಷ್ಟೇ. ನ್ಯೂಟ್ರಲ್ ಎಂದರೆ ಈ ಗುಣಕಕ್ಕೆ ಸೊನ್ನೆ ಹಾಕುವುದು. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ.

ಪೆಟ್ರೋಲು ಉಳಿಯುವುದಿಲ್ಲವೇ? ಕಾರ್ಬುರೇಟರಿನ ಕಾಲದಲ್ಲಿ ಹನಿಯಷ್ಟು ಉಳಿಯುತ್ತಿತ್ತೇನೋ. ಇಸವಿ 2000ದ ಆಸುಪಾಸಿನಿಂದ ಬಂದ ಕಾರುಗಳಲ್ಲಿ ಇಂಧನವನ್ನು ಇಂಜೆಕ್ಟರ್ ಅಳೆದು ಕೊಡುತ್ತದೆ. ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಅದು ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಎಂಜಿನ್ ಗಾಲಿಯ ದಯೆಯಿಂದ ತಿರುಗುತ್ತಿರುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಆ ದಯೆ ತಪ್ಪಿತು. ಎಂಜಿನ್ ಬದುಕಿರಲು ಪೆಟ್ರೋಲು ಕುಡಿಯಲೇಬೇಕು. ಅಂದರೆ ಇಂದಿನ ಕಾರಿನಲ್ಲಿ ನ್ಯೂಟ್ರಲ್ ಇಳಿಜಾರು ಖರ್ಚಿನ ಬಾಬತ್ತು. ಇನ್ನು ಕೀಲಿಯನ್ನೇ ಆರಿಸಿ ಇಳಿಸುವ ಮಹಾನುಭಾವರ ವಿಷಯ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ನಿನ ಹೀರುಬಲವನ್ನು ನಂಬಿದೆ. ಎಂಜಿನ್ ಆರಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗಿನ ನೆರವೂ ಹೋಗುತ್ತದೆ. ಲಾರಿಯಲ್ಲಾದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ ಜೊತೆಯಲ್ಲೇ ನಿಲ್ಲುತ್ತದೆ.

ಗೇರು ಇಳಿಸುವ ಹೊತ್ತೂ ಮುಖ್ಯ. ಘಟ್ಟದ ತಲೆಯಲ್ಲಿ, ಇಳಿಜಾರು ಶುರುವಾಗುವ ಮೊದಲೇ ಗೇರು ಆರಿಸಿಕೊಳ್ಳಬೇಕು. ವೇಗ ಏರಿದ ಮೇಲೆ ಗಾಬರಿಯಿಂದ ಎಳೆದು ಹಾಕುವುದಲ್ಲ. 60ರ ವೇಗದಲ್ಲಿ ಮೊದಲ ಗೇರು ಹಾಕಿದರೆ ಮಾರುತಿಯ ಎಂಜಿನ್ ನಿಮಿಷಕ್ಕೆ 9,700 ಸುತ್ತು ತಿರುಗಬೇಕಾಗುತ್ತದೆ. ಅದನ್ನು ಅಷ್ಟಕ್ಕೆ ಕಟ್ಟಿಲ್ಲ. ವೇಗ ಹೆಚ್ಚಿದ್ದರೆ ಮೊದಲು ಬ್ರೇಕು ಒತ್ತಿ ತಗ್ಗಿಸಿ, ಆಮೇಲೆ ಒಂದೊಂದೇ ಗೇರು ಇಳಿಸಬೇಕು. ಎಂಜಿನ್ ಹಿಡಿದಿರುವಾಗಲೂ ಬ್ರೇಕು ಬೇಕಾಗುತ್ತದೆ. ಅದನ್ನು ಸವರುತ್ತಾ ಹೋಗುವ ಬದಲು ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಟ್ಟು ತಣಿಯಲು ಸಮಯ ಕೊಡಬೇಕು. ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯುವುದೇ ಸರಿ. ಕಾದ ಡಿಸ್ಕಿಗೆ ನೀರು ಎರಚಬಾರದು. ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಅಂದ ಹಾಗೆ ಇಕ್ಕಟ್ಟಾದ ಘಟ್ಟದ ರಸ್ತೆಯಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಸಂಚಾರ ನಿಯಮ. ಏರಿನಲ್ಲಿ ನಿಂತ ತುಂಬಿದ ಗಾಡಿಯನ್ನು ಮತ್ತೆ ಹೊರಡಿಸುವುದು ಎಷ್ಟು ಕಷ್ಟವೆಂದು ಮೇಲಿನ ಲೆಕ್ಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ಲಚ್ಚೇ ಇಲ್ಲದ ಕಾರುಗಳು ಹೆಚ್ಚುತ್ತಿವೆ. ಮಾರುತಿಯ ಸೆಲೆರಿಯೊ 2014ರಲ್ಲಿ ಅಗ್ಗದ ಸ್ವಯಂಚಾಲಿತ ಗೇರನ್ನು ಸಣ್ಣ ಕಾರಿಗೆ ತಂದ ಮೇಲಂತೂ ಎಡಗಾಲಿಗೆ ರಜೆ ಸಿಕ್ಕಂತಾಗಿದೆ. ಇವುಗಳಲ್ಲೂ ಗೇರುಗಳಿವೆ, ಹಾಕುವ ಕೈ ಮಾತ್ರ ಬೇರೆ. ಆ ಕೈಗೆ ಮುಂದೆ ಇಳಿಜಾರು ಇದೆಯೆಂದು ಕಣ್ಣು ಹಾಯಿಸಿ ನೋಡಲು ಬರುವುದಿಲ್ಲ. ಘಟ್ಟ ಇಳಿಯುವಾಗ ಸನ್ನೆಯನ್ನು 'ಡಿ'ಯಲ್ಲೇ ಬಿಡದೆ 'ಎಂ'ಗೋ 'ಎಲ್'ಗೋ ತಂದು ಗೇರನ್ನು ತಗ್ಗಿಸಿ ಹಿಡಿಯುವ ಕೆಲಸ ಚಾಲಕನದೇ.

ವಿದ್ಯುತ್ ಕಾರಿನ ಕತೆ ಬೇರೆ. ಮೋಟಾರು ಎತ್ತಿನ ಜಾತಿ. ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಹಾಗಾಗಿ ಇಂಥ ಕಾರುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅನುಪಾತ ಸಾಕು. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಕಾರಿಗೂ ಬದಲಿಸಲು ಗೇರುಗಳಿರಲಿಲ್ಲ. ಇಳಿಜಾರಿನಲ್ಲಿ ಇವುಗಳ ಮೋಟಾರು ಡೈನಮೊ ಆಗಿ ತಿರುಗಿ ಕಾರನ್ನು ಹಿಡಿಯುತ್ತದೆ. ಕೊಡ ನೀರು ಕುದಿಸಬೇಕಿದ್ದ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸಾಗುತ್ತದೆ. ಆದರೆ ತುಂಬಿದ ಕೊಡಕ್ಕೆ ನೀರು ಹಿಡಿಸುವುದಿಲ್ಲ. ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಹಿಡಿತ ತೀರ ಕಡಿಮೆಯಾಗಿ ಎಲ್ಲ ಭಾರವೂ ಮಾಮೂಲಿ ಬ್ರೇಕಿನ ಮೇಲೆ ಬೀಳಬಹುದು. ಘಟ್ಟದ ಮೇಲಿನ ಊರಿನಲ್ಲಿ ರಾತ್ರಿ ತಂಗಿ ಬೆಳಗ್ಗೆ ಇಳಿಯುವವರು ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸದೆ, ಸ್ವಲ್ಪ ಜಾಗ ಉಳಿಸಿಕೊಂಡು ಹೊರಡುವುದು ಲೇಸು.